ಕಾಂಡಿಮೆಂಟ್ಸ್ ಆಂಟಿ ಮತ್ತು ನನ್ನ ಹೊಟ್ಟೆಕಿಚ್ಚು

ಅವರು ಕ್ಯಾಮೆರಾದ ಗುಂಡಿಯನ್ನು ನಡುಬೆರಳಿನಲ್ಲಿ ಒತ್ತುತ್ತಿದ್ದರು. ಬಲಗೈಯ ತೋರುಬೆರಳು ಎಂದೋ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಮುರಿದಿತ್ತಂತೆ. ಮೂಳೆ ಕೂಡಿಕೊಂಡಿತು, ಆದರೆ ಬೆರಳು ಮತ್ತೆ ಮಡಚಲಿಲ್ಲ. ಹಾಗಾಗಿ ಫೋಟೊ ತೆಗೆಯುವಾಗೆಲ್ಲ ಆ ಒಂದು ಬೆರಳು ನೆಟ್ಟಗೆ ಮುಂದಕ್ಕೆ ಚಾಚಿಕೊಂಡು, ಎದುರಿಗಿದ್ದವರಿಗೆ ಏನನ್ನೋ ತೋರಿಸುತ್ತಿರುವಂತೆ ಕಾಣುತ್ತಿತ್ತು. ಉಗುರಿನ ಸುತ್ತ ಅರಿಶಿನ ಮತ್ತು ಅಚ್ಚಖಾರದ ಬಣ್ಣ. ಕ್ಯಾಮೆರಾ ಮುಟ್ಟುವ ಮುಂಚೆ ಸೆರಗಿಗೆ ಎರಡು ಸಲ ಕೈ ಒರೆಸಿಕೊಳ್ಳುವುದು ಅವರ ಪದ್ಧತಿ. ಆದರೂ ನಾನು ಕೊಟ್ಟಿದ್ದ ಹಳೆಯ ಕ್ಯಾಮೆರಾದ ಕಪ್ಪು ಪಟ್ಟಿ ಒಂದೇ ತಿಂಗಳಲ್ಲಿ ಹಳದಿಗೆ ತಿರುಗಿತ್ತು.

ಬಸವೇಶ್ವರನಗರದಲ್ಲಿ ನಾನಿದ್ದ ಬಾಡಿಗೆ ಪೋರ್ಷನ್ನಿನ ಎದುರು ಸಾಲಿನಲ್ಲಿ ಅವರ ಅಂಗಡಿ. ಗಾಜಿನ ಭರಣಿಗಳಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು. ಹಿಂದಿನ ಗೂಡಿನಲ್ಲಿ ಸಾರಿನ ಪುಡಿ, ಹುಳಿಪುಡಿ, ಅವಲಕ್ಕಿ. ಬೀದಿಯವರೆಲ್ಲ ಅವರನ್ನು ಕಾಂಡಿಮೆಂಟ್ಸ್ ಆಂಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಲ್ಲಾದ ಹಿಂದೆ ಅವರ ಯಜಮಾನರು ಕೂರುತ್ತಿದ್ದರು. ಆ ಅಂಕಲ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆಂಟಿ ಇಬ್ಬರ ಪಾಲಿನದ್ದನ್ನೂ ಮಾತಾಡುತ್ತಿದ್ದರು.

ನಾನು ಒಂದು ಖಾಸಗಿ ಪಾಲಿಟೆಕ್ನಿಕ್‌ನ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಿಲ್ಲ. ಅಮ್ಮ ತೀರಿಕೊಂಡ ವರ್ಷ ಭಾನುವಾರಗಳು ಉದ್ದವಾಗತೊಡಗಿದಾಗ ಒಂದು ಕ್ಯಾಮೆರಾ ಕೊಂಡೆ. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ಫೋಟೊ ಹುಚ್ಚಿನ ಎಂಟು ಹತ್ತು ಮಂದಿ ಸೇರುತ್ತಾರೆ ಎಂದು ಗೊತ್ತಾಗಿ ಅಲ್ಲಿಗೆ ಹೋಗತೊಡಗಿದೆ. ಎಲ್ಲರೂ ಗಂಡಸರು. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಬಸ್ ಡಿಪೋದಿಂದ ನಿವೃತ್ತರಾದ ಮೆಕ್ಯಾನಿಕ್, ಮಿಕ್ಕವರು ವಿಜಯನಗರ, ರಾಜಾಜಿನಗರದ ಕಡೆಯ ಅಂಗಡಿಯವರು, ಆಫೀಸಿನವರು. ಗುಂಪಿಗೆ ಹಿರಿಯರೆಂದರೆ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಕೆರೆ ಸುತ್ತಿ ಆದಮೇಲೆ ಟೀ ಗಾಡಿಯ ಪಕ್ಕ ನಿಂತು ಎಲ್ಲರೂ ತಮ್ಮ ಚಿತ್ರಗಳನ್ನು ಅವರಿಗೆ ತೋರಿಸುತ್ತಿದ್ದರು. ಹಿಡಿಸದಿದ್ದರೆ ಮೇಷ್ಟ್ರು "ಹ್ಞೂಂ" ಎನ್ನುವರು. ಹಿಡಿಸಿದರೆ, "ಇದು ಕೂತಿದೆ" ಎನ್ನುವರು. ನಾಲ್ಕು ವರ್ಷದಲ್ಲಿ ನನಗೆ ಆ ಮಾತು ಸಿಕ್ಕಿದ್ದು ಎರಡು ಸಲ. ಎರಡೂ ದಿನ ನಾನು ಏನು ಉಟ್ಟಿದ್ದೆ ಎಂಬುದೂ ನೆನಪಿದೆ.

ಗುಂಪಿನಲ್ಲಿ ಒಬ್ಬಳೇ ಹೆಂಗಸಾಗಿರುವುದರಲ್ಲಿ ಒಂದು ಸುಖವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಟೀ ಮೊದಲು ನನ್ನ ಕೈಗೆ ಬರುತ್ತಿತ್ತು. ನಾನು ಬಾರದ ಭಾನುವಾರ ಯಾಕೆ ಬರಲಿಲ್ಲ ಎಂದು ಫೋನ್ ಬರುತ್ತಿತ್ತು. ಆಫೀಸಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ.

ಒಂದು ಗೌರಿಹಬ್ಬದ ಮುಂಚೆ ಆಂಟಿ ಅಂಗಡಿಯಿಂದಲೇ ಕರೆದರು. "ಮೇಡಂ, ಹಬ್ಬದ ಆರ್ಡರ್‌ಗೆ ತಿಂಡಿ ಫೋಟೋ ಕಳ್ಸಿ ಅಂತಾರೆ ಎಲ್ರೂ. ನನ್ ಫೋನಲ್ಲಿ ಚಕ್ಕುಲಿ ಎಲ್ಲ ಸಗಣಿ ಬೆರಣಿ ಥರ ಬರತ್ತೆ. ನಿಮ್ಮತ್ರ ಹಳೇ ಕ್ಯಾಮೆರಾ ಇದ್ರೆ ನಾಕ್ ದಿನಕ್ಕೆ ಕೊಡ್ತೀರಾ?"

ನಾನು ಹೊಸದು ಕೊಂಡಿದ್ದೆ. ಹಳೆಯದನ್ನು ಕೊಟ್ಟು, ಹತ್ತು ನಿಮಿಷ ಹೇಳಿಕೊಟ್ಟೆ. ವಾರ ಕಳೆದಮೇಲೆ ನೋಡಿದರೆ ಅದರಲ್ಲಿ ಚಕ್ಕುಲಿಯ ಜೊತೆಗೆ ಬೇರೆ ಚಿತ್ರಗಳೂ ಇದ್ದವು. ಒಂದರಲ್ಲಿ ಅಂಕಲ್ ಗಲ್ಲಾದ ಹಿಂದೆ ತೂಕಡಿಸುತ್ತಿದ್ದಾರೆ. ಗಾಜಿನ ಭರಣಿಯೊಳಗಿಂದ ಹಾದು ಬಂದ ಬಿಸಿಲು ಅವರ ಕೆನ್ನೆಯ ಮೇಲೆ ಎಣ್ಣೆಯ ಹಾಗೆ ಹರಡಿಕೊಂಡಿದೆ. ಆ ಚಿತ್ರ ನೋಡಿದ ಗಳಿಗೆ ನನ್ನ ಎದೆಯ ಕೆಳಗೆ ಎಲ್ಲೋ ಚುರ್ ಎಂದಿತು.

"ಸ್ವಲ್ಪ ಕತ್ತಲೆ ಬಂದಿದೆ ಆಂಟಿ" ಎಂದೆ.

"ಹೌದಾ? ಮುಂದಿನ್ ಸಲ ಸರಿ ಮಾಡ್ತೀನಿ" ಎಂದರು. ನಾನು ಹೇಳಿದ್ದನ್ನು ಅವರು ಆಗ ಹಾಗೇ ನಂಬುತ್ತಿದ್ದರು.

ಭಾನುವಾರ ನಾನೆಲ್ಲಿಗೆ ಹೋಗುತ್ತೇನೆಂದು ಕೇಳಿ ತಿಳಿದು, "ಮಲ್ಲತ್ತಹಳ್ಳಿ ನಮ್ಮೂರು ಮೇಡಂ, ನನ್ನೂ ಕರ್ಕೊಂಡ್ ಹೋಗಿ" ಎಂದರು. ಅವರ ತಂದೆಗೆ ಕೆರೆಯ ಕೆಳಗೆ ರಾಗಿ ಹೊಲವಿತ್ತಂತೆ. ಈಗ ಅಲ್ಲಿ ಲೇಔಟ್. ಚಿಕ್ಕಂದಿನಲ್ಲಿ ಎಮ್ಮೆ ಮೈ ತೊಳೆಯಲು ಇಳಿಯುತ್ತಿದ್ದ ಕಡೆ ಈಗ ವಾಕಿಂಗ್ ಹಾದಿ. ನನ್ನ ಸ್ಕೂಟರಿನ ಹಿಂದೆ ಒಬ್ಬರು ಕೂತರೆ ನಷ್ಟವೇನು ಎಂದು ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ, ಮೇಷ್ಟ್ರು ನನ್ನನ್ನು ಹೊಗಳುವುದನ್ನು ನಮ್ಮ ಬೀದಿಯವರೊಬ್ಬರು ಕಣ್ಣಾರೆ ನೋಡಲಿ ಎಂಬ ಆಸೆಯೂ ಇತ್ತು.

ಮೂರನೇ ಭಾನುವಾರ ಅದು ನಡೆಯಿತು. ಕೆರೆಯ ದಡದ ಒಣಗಿದ ಕೊಂಬೆಯ ಮೇಲೆ ಮಿಂಚುಳ್ಳಿ ಬಂದು ಕೂತಿತ್ತು. ನಾವೆಲ್ಲ ಉದ್ದುದ್ದ ಲೆನ್ಸುಗಳನ್ನು ಅದರತ್ತ ಹಿಡಿದು ಬಗ್ಗಿಕೊಂಡಿದ್ದೆವು. ನಮ್ಮ ಬೆನ್ನ ಹಿಂದೆ ಕಲ್ಲುಕಟ್ಟೆಯ ಮೇಲೆ ರಸ್ತೆ ಗುಡಿಸುವ ಹೆಂಗಸೊಬ್ಬಳು ಚಪ್ಪಲಿ ಬಿಚ್ಚಿಟ್ಟು, ಕಾಲು ಚಾಚಿ, ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು. ನಾನು ಅವಳನ್ನು ನೋಡಿದ್ದೆ. ಅವಳ ಪೊರಕೆ ನನಗೆ ಅಡ್ಡವಾಗುತ್ತಿತ್ತು, ಎದ್ದು ಹೋಗಲಿ ಎಂದು ಸ್ವಲ್ಪ ಹೊತ್ತು ಕಾದಿದ್ದೆ ಕೂಡ. ಆಂಟಿ ಮಿಂಚುಳ್ಳಿಯ ಕಡೆ ತಿರುಗಲೇ ಇಲ್ಲ. ಅವಳ ಹತ್ತಿರ ಹೋಗಿ, "ಒಂದ್ ಫೋಟೋ ತೆಕ್ಕೊಳ್ಲಾ ತಾಯಿ?" ಎಂದು ಕೇಳಿ ಒಂದೇ ಒಂದು ತೆಗೆದರು. ಮುಂದೆ ಆ ಹೆಂಗಸು, ಬಿಸಿಲಿಗೆ ಕಣ್ಣು ಕಿರಿದಾಗಿಸಿ, ತುತ್ತು ಎತ್ತಿದ ಕೈ. ಹಿಂದೆ ಬೆನ್ನು ತಿರುಗಿಸಿ ಬಗ್ಗಿದ ನಾವು ಒಂಬತ್ತು ಜನ. ಕೊನೆಯ ಬೆನ್ನು ನನ್ನದು.

ಟೀ ಗಾಡಿಯ ಹತ್ತಿರ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಆ ಚಿತ್ರವನ್ನು ತುಂಬಾ ಹೊತ್ತು ನೋಡಿದರು. "ಇದು ಕೂತಿದೆ" ಎಂದರು. ಆಮೇಲೆ, ನನಗೆ ಎಂದೂ ಹೇಳದ ಇನ್ನೊಂದು ಮಾತನ್ನೂ ಸೇರಿಸಿದರು: "ಇದನ್ನ ನಾನು ತೆಗೀಬೇಕಿತ್ತು."

ವಾಪಸು ಬರುವಾಗ ಸ್ಕೂಟರಿನ ಹಿಂದೆ ಆಂಟಿ ಅದೂ ಇದೂ ಮಾತಾಡುತ್ತಲೇ ಇದ್ದರು. ನಾಗರಭಾವಿ ಸರ್ಕಲ್ ದಾಟುವವರೆಗೆ ನಾನು ಬಾಯಿ ಬಿಡಲಿಲ್ಲ. ಹೆಲ್ಮೆಟ್ಟಿನಿಂದ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿದೆ.

ಆಮೇಲೆ ಒಂದು ವರ್ಷ ನಡೆದದ್ದು ಇದೇ. ಗುಂಪಿನಲ್ಲಿ ನನ್ನ ಜಾಗ ಹೋಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಜಾಗ ಹುಟ್ಟಿಕೊಂಡಿತು, ಮತ್ತು ಎಲ್ಲರೂ ಮೊದಲು ಅತ್ತ ನೋಡುತ್ತಿದ್ದರು. ಅವರು ಪ್ರತಿ ವಾರ ಒಂದು ಡಬ್ಬಿ ತಿಂಡಿ ತರುತ್ತಿದ್ದರು. ಫೋಟೊ ಬಗ್ಗೆ ಅವರದ್ದೇ ಭಾಷೆ ಇತ್ತು. ಎಣ್ಣೆ ಕಾಯುವ ಮುಂಚೆಯೇ ಬಿಟ್ಟ ಚಕ್ಕುಲಿಯ ಹಾಗೆ ಅವಸರದಲ್ಲಿ ತೆಗೆದ ಚಿತ್ರ ತೋರಿಸಿದರೆ, "ಇದು ಸ್ವಲ್ಪ ಎಣ್ಣೆ ಕುಡಿದಿದೆ" ಎನ್ನುವರು. ಡಾಕ್ಟರು, ಮೆಕ್ಯಾನಿಕ್ ಎಲ್ಲರೂ ಅದೇ ಮಾತನ್ನು ಆಡತೊಡಗಿದರು. ನಾನು ಪುಸ್ತಕ ಓದಿ, ರಾತ್ರಿ ಪಾಠ ಕೇಳಿ, ಬೆಳಕಿನ ಲೆಕ್ಕ ಕಲಿತವಳು, ನನ್ನ ಚಿತ್ರವನ್ನು ನೋಡಿ ಎಲ್ಲರೂ "ಎಣ್ಣೆ ಕುಡಿದಿದೆಯಾ ಆಂಟಿ?" ಎಂದು ಅವರನ್ನು ಕೇಳುವುದನ್ನು ನಗುತ್ತಾ ಸಹಿಸಬೇಕಾಗಿತ್ತು. ಅಷ್ಟರಲ್ಲಿ ಅವರು ನನ್ನನ್ನು ಮೇಡಂ ಎನ್ನುವುದು ಬಿಟ್ಟು ಏನೇ, ಕಣೇ ಎನ್ನತೊಡಗಿದ್ದರು. ಅದು ನನಗೆ ಇಷ್ಟವೂ ಆಗಿತ್ತು. ಅವರ ಮೇಲಿನ ಪ್ರೀತಿ ಮತ್ತು ಅವರ ಮೇಲಿನ ಉರಿ ಎರಡೂ ಒಂದೇ ಒಲೆಯ ಮೇಲೆ ಇದ್ದವು.

ಆ ವರ್ಷದ ಕೊನೆಯಲ್ಲಿ ಗುಂಪಿನವರು ವಿಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ ಎರಡು ದಿನದ ಪ್ರದರ್ಶನ ಇಟ್ಟುಕೊಂಡರು. ಬಾಗಿಲಿನ ಎದುರಿನ ದೊಡ್ಡ ಗೋಡೆಗೆ ಒಂದೇ ಒಂದು ಚಿತ್ರ ಎಂದೂ, ಅದು ಆಂಟಿಯ ಚಿತ್ರಾನ್ನದ ಹೆಂಗಸು ಎಂದೂ ಮೇಷ್ಟ್ರು ತೀರ್ಮಾನಿಸಿದರು. ಎಲ್ಲರ ಚಿತ್ರಗಳನ್ನು ಸೇರಿಸಿ ಪ್ರಿಂಟ್ ಹಾಕಿಸುವ ಕೆಲಸ ನನ್ನದು. ಆಂಟಿಯ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಕ್ಯಾಮೆರಾದ ಕಾರ್ಡನ್ನೇ ಒಂದು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ನಾನು ಕಾರ್ಡಿನಲ್ಲಿದ್ದ ಪೂರ್ತಿ ಚಿತ್ರವನ್ನು ಕಳಿಸಲಿಲ್ಲ. ಹಿಂದೆ ಗುಂಪಿನವರ ಫೋನುಗಳಲ್ಲಿ ಓಡಾಡಿದ್ದ, ಕುಗ್ಗಿ ಚಿಕ್ಕದಾದ ಪ್ರತಿಯೊಂದು ನನ್ನಲ್ಲಿತ್ತು. ಅದನ್ನು ಕಳಿಸಿದೆ. ಫೋನಿನಲ್ಲಿ ನೋಡಲು ಅದು ಚೆನ್ನಾಗಿಯೇ ಕಾಣುತ್ತದೆ. ನಾಲ್ಕು ಅಡಿಯ ಪ್ರಿಂಟಿಗೆ ಹಿಗ್ಗಿಸಿದರೆ ಪುಡಿಪುಡಿಯಾಗುತ್ತದೆ. ಇದು ನನಗೆ ಗೊತ್ತಿತ್ತು. ಕೈತಪ್ಪಿನಿಂದ ಆದದ್ದು ಎಂದು ಹೇಳಿಕೊಳ್ಳಲು ದಾರಿಯಿದೆ ಎಂಬುದೂ ಗೊತ್ತಿತ್ತು.

ಪ್ರದರ್ಶನದ ಬೆಳಗ್ಗೆ ಪ್ರಿಂಟು ಬಿಚ್ಚಿದಾಗ ಆ ಹೆಂಗಸಿನ ಮುಖ ನೀರಿನಲ್ಲಿ ಕಲೆಸಿದಂತಿತ್ತು. ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಹೊಸದು ಹಾಕಿಸಲು ಹೊತ್ತಿರಲಿಲ್ಲ. ಅದನ್ನು ಒಳಗಿನ ಓಣಿಯಲ್ಲಿ, ಕೈ ತೊಳೆಯುವ ಜಾಗದ ಪಕ್ಕ ತೂಗುಹಾಕಿ, ದೊಡ್ಡ ಗೋಡೆಗೆ ನನ್ನ ಮಿಂಚುಳ್ಳಿಯನ್ನು ಹಾಕಿದರು. ಆಂಟಿ ಪಟ್ಟೆ ಅಂಚಿನ ರೇಷ್ಮೆ ಸೀರೆ ಉಟ್ಟು, ಅಂಕಲ್ ಅನ್ನೂ ಕರೆದುಕೊಂಡು ಬಂದಿದ್ದರು. ಓಣಿಯಲ್ಲಿ ತಮ್ಮ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು. "ಹಳೇ ಕ್ಯಾಮೆರಾ ಅಲ್ವಾ, ಅಷ್ಟೇ ಬರೋದು" ಎಂದು ಅಂಕಲ್‌ಗೆ ಹೇಳಿದ್ದು ನನಗೆ ಕೇಳಿಸಿತು.

ಆವತ್ತು ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ನನಗೆ ಖುಷಿಯಾಗಿತ್ತು. ಎರಡು ದಿನ ಬಾಗಿಲ ಬಳಿ ನಿಂತು ಬಂದವರಿಗೆ ಮಿಂಚುಳ್ಳಿಯ ಕತೆ ಹೇಳಿದೆ.

ನಾಲ್ಕು ತಿಂಗಳ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿದೆ. ಮುಖದ ಎಡಭಾಗ ಕೆಳಗೆ ಜಾರಿತ್ತು. ಆ ಕಣ್ಣು ಮುಚ್ಚುತ್ತಿರಲಿಲ್ಲ, ಹುಬ್ಬು ಏರುತ್ತಿರಲಿಲ್ಲ. ಡಾಕ್ಟರ ಹತ್ತಿರ ಓಡಿದೆ. ಮುಖದ ನರ ಸೋತಿದೆ, ಮಿದುಳಿಗೆ ಏನೂ ಆಗಿಲ್ಲ, ಮಾತ್ರೆ ತೆಗೆದುಕೊಳ್ಳಿ, ವ್ಯಾಯಾಮ ಮಾಡಿ, ಬಹಳ ಮಂದಿಗೆ ವಾಸಿಯಾಗುತ್ತದೆ ಎಂದರು. "ಎಷ್ಟು ದಿನಕ್ಕೆ?" ಎಂದು ಕೇಳಿದ್ದಕ್ಕೆ ಅವರು ಖಚಿತವಾಗಿ ಹೇಳಲಿಲ್ಲ.

ಆಫೀಸಿಗೆ ರಜೆ ಹಾಕಿದೆ. ಬಚ್ಚಲಿನ ಕನ್ನಡಿಗೆ ಟವೆಲ್ ಹೊದಿಸಿದೆ. ಗುಂಪಿನವರು ಫೋನಿಗೆ ಹೂವಿನ ಚಿತ್ರ ಕಳಿಸಿದರು, ಮೇಷ್ಟ್ರು ಮಾತಾಡಿದರು, ಹಲ್ಲಿನ ಡಾಕ್ಟರು ತಮಗೆ ಗೊತ್ತಿದ್ದ ನರದ ಡಾಕ್ಟರ ಹತ್ತಿರ ಹೇಳಿಟ್ಟರು. ಆದರೆ ಮನೆಗೆ ಬರುತ್ತೇವೆ ಎಂದವರಿಗೆಲ್ಲ ಬೇಡ ಎಂದೆ. ಆಂಟಿ ಬರಲೇ ಎಂದು ಕೇಳಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಮೆತ್ತಗೆ ಕಿವುಚಿದ ಮೊಸರನ್ನದ ಡಬ್ಬಿ ಕೆಳಗಿಟ್ಟು, ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ, ನೆಟ್ಟಗೆ ನೋಡಿದರು. ಆ ದಿನಗಳಲ್ಲಿ ನನ್ನ ಮುಖವನ್ನು ಹಾಗೆ ಪೂರ್ತಿ ನೋಡಿದವರು ಅವರೊಬ್ಬರೇ. ಮಿಕ್ಕವರೆಲ್ಲ ಹಾಲಿನವರಿಂದ ಹಿಡಿದು ಡಾಕ್ಟರ ನರ್ಸಿನವರೆಗೆ ನನ್ನ ಕಿವಿಯ ಹತ್ತಿರ ಎಲ್ಲೋ ನೋಡಿ ಮಾತಾಡುತ್ತಿದ್ದರು.

"ನಾಳೆಯಿಂದ ದಿನಾ ಒಂದ್ ಫೋಟೋ ತೆಗೀತೀನಿ" ಎಂದರು.

ತುಟಿ ಸೇರದ ಬಾಯಲ್ಲಿ ತೊದಲುತ್ತಲೇ ಕೂಗಾಡಿದೆ. "ನನ್ ಮುಖಾನೂ ಮೇಷ್ಟ್ರಿಗೆ ತೋರಿಸ್ತೀರಾ? ಇದೂ ಕೂತಿದೆ ಅಂತ ಹೇಳ್ಲಿ ಅವ್ರು."

ಅವರು ಸಿಟ್ಟಾಗಲಿಲ್ಲ. "ಕನ್ನಡಿ ನೋಡ್ಕೊಂಡ್ರೆ ದಿನಾ ಒಂದೇ ಥರ ಕಾಣತ್ತೆ ಕಣೇ. ಹಪ್ಪಳದ ಮುಂದೆ ಕೂತ್ಕೊಂಡ್ರೆ ಅದು ಒಣಗ್ತಿರೋದು ಗೊತ್ತಾಗಲ್ಲ. ಫೋಟೋ ಇದ್ರೆ ಪಕ್ಕಪಕ್ಕ ಇಟ್ಟು ನೋಡ್ಬೋದು. ಯಾರ್ಗೂ ತೋರ್ಸಲ್ಲ. ಕಾರ್ಡು ನಿನ್ ಹತ್ರಾನೇ ಇರ್ಲಿ."

ಮರುದಿನದಿಂದ ಬೆಳಗ್ಗೆ ಹತ್ತೂವರೆಗೆ, ಅಂಗಡಿಯ ಮೊದಲ ಗಿರಾಕಿಗಳ ಗದ್ದಲ ಮುಗಿದ ಮೇಲೆ ಬರುತ್ತಿದ್ದರು. ಕಿಟಕಿಯ ಪಕ್ಕ ಅದೇ ಸ್ಟೂಲು, ಹಿಂದೆ ಅದೇ ಗೋಡೆ. "ನಗು" ಎನ್ನುವರು, ನಾನು ಅರ್ಧ ನಗುತ್ತಿದ್ದೆ. "ಕಣ್ಮುಚ್ಚು" ಎನ್ನುವರು, ಒಂದು ಮುಚ್ಚುತ್ತಿತ್ತು. ನಡುಬೆರಳಿನಿಂದ ಒಂದು ಸಲ ಒತ್ತಿ, ಕಾರ್ಡು ತೆಗೆದು ನನ್ನ ಮೇಜಿನ ಮೇಲಿಟ್ಟು, ಕೆನ್ನೆ ತಿಕ್ಕಿಕೊಟ್ಟು, ಇಳಿದು ಹೋಗುವರು. ಹತ್ತು ದಿನ ಏನೂ ಆಗಲಿಲ್ಲ. ಹನ್ನೆರಡನೇ ದಿನ ನಾನು ಬಾಗಿಲು ತೆಗೆಯಲಿಲ್ಲ. ಅವರು ಹೊರಗೆ ಮೆಟ್ಟಿಲ ಮೇಲೆ ಕೂತು, ಕೆಳಗಿನ ಪೋರ್ಷನ್ನಿನವರ ಜೊತೆ ಈರುಳ್ಳಿ ಬೆಲೆಯ ಬಗ್ಗೆ ಅರ್ಧ ಗಂಟೆ ಗಟ್ಟಿಯಾಗಿ ಮಾತಾಡಿದರು. ಕೊನೆಗೆ ತೆಗೆದೆ.

ಹತ್ತೊಂಬತ್ತನೇ ದಿನ ಮೊದಲ ದಿನದ ಚಿತ್ರವನ್ನೂ ಆ ದಿನದ್ದನ್ನೂ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದಾದ ಮೇಲೊಂದು ತೋರಿಸಿದರು. "ಇಲ್ನೋಡು, ತುಟಿ ಮೂಲೆ. ಅಕ್ಕಿಕಾಳಷ್ಟು ಮೇಲೆ ಬಂದಿದೆ."

ಬಂದಿತ್ತು. ನಾನು ಅತ್ತೆ. ಬಲಗಣ್ಣು ಅಳುತ್ತಿತ್ತು, ಎಡಗಣ್ಣು ಕಾಯಿಲೆ ಬಂದಾಗಿನಿಂದ ಸೋರುತ್ತಲೇ ಇತ್ತು. ಆಂಟಿ ಎರಡನ್ನೂ ಸೆರಗಿನಲ್ಲಿ ಒರೆಸಿದರು. ಅಚ್ಚಖಾರದ ಘಾಟಿಗೆ ಇನ್ನಷ್ಟು ನೀರು ಬಂತು, ಇಬ್ಬರೂ ನಕ್ಕೆವು.

ಎರಡು ತಿಂಗಳಿಗೆ ಮುಖ ಬಹುಮಟ್ಟಿಗೆ ಸರಿಹೋಯಿತು. ಆಫೀಸಿಗೆ ಹೋಗುವ ಹಿಂದಿನ ದಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಅಷ್ಟೂ ಚಿತ್ರಗಳನ್ನು ಮೊದಲ ಸಲ ದೊಡ್ಡದಾಗಿ ನೋಡಿದೆ. ಐವತ್ತಕ್ಕೂ ಹೆಚ್ಚಿದ್ದವು. ಒಂದರಲ್ಲೂ ನನ್ನನ್ನು ಪಾಪ ಎನ್ನುವ ನೋಟವಿರಲಿಲ್ಲ. ಸೊಟ್ಟ ತುಟಿ, ಮುಚ್ಚದ ಕಣ್ಣು, ಸಿಟ್ಟು, ನಾಚಿಕೆ, ಎಣ್ಣೆ ಹಾಕದ ತಲೆ, ಎಲ್ಲ ಇತ್ತು, ಮತ್ತು ಅದು ನಾನೇ ಆಗಿದ್ದೆ. ಅಂಥ ಮುಖಚಿತ್ರ ತೆಗೆಯಲು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ ಎಂದು ತಿಳಿಯಿತು. ನಂಬುತ್ತೀರೋ ಇಲ್ಲವೋ, ಆಗಲೂ ಹೊಟ್ಟೆ ಉರಿಯಿತು. ನನ್ನದೇ ಮುಖ, ನನ್ನದೇ ಹಳೆಯ ಕ್ಯಾಮೆರಾ, ನಾನೇ ಹೇಳಿಕೊಟ್ಟ ಹತ್ತು ನಿಮಿಷದ ಪಾಠ.

ಅದೇ ಕಾರ್ಡಿನ ತಳದಲ್ಲಿ ಚಿತ್ರಾನ್ನದ ಹೆಂಗಸಿನ ಪೂರ್ತಿ ಚಿತ್ರವೂ ಇತ್ತು. ಹಿಗ್ಗಿಸಿ ನೋಡಿದೆ. ಅವಳ ಬೆರಳಿಗೆ ಅಂಟಿದ್ದ ಸಾಸಿವೆ ಕಾಳು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

ಮರುದಿನ ಆಫೀಸಿನಿಂದ ಬೇಗ ಬಂದು ಅಂಗಡಿಗೆ ಹೋದೆ. ಅಂಕಲ್ ಒಳಗೆ ಮಲಗಿದ್ದರು. ಆಂಟಿ ಕೋಡುಬಳೆಯನ್ನು ಪೊಟ್ಟಣಕ್ಕೆ ತುಂಬುತ್ತಿದ್ದರು. ನಿಂತೇ ಹೇಳಿದೆ, ಪ್ರಿಂಟು ಹಾಳಾದದ್ದು ಕ್ಯಾಮೆರಾದಿಂದ ಅಲ್ಲ, ನಾನು ಬೇಕೆಂದೇ ಚಿಕ್ಕ ಪ್ರತಿ ಕಳಿಸಿದೆ ಎಂದು.

ಅವರು ಪೊಟ್ಟಣದ ಬಾಯಿಗೆ ದಾರ ಕಟ್ಟಿ ಮುಗಿಸಿದರು. "ಗೊತ್ತು ಕಣೇ."

"ಹೇಗೆ?"

"ಮೇಷ್ಟ್ರು ಆವತ್ತೇ ಬಂದು ಹೇಳಿದ್ರು. ಇದು ಫೋನಲ್ಲಿರೋ ಚಿಕ್ಕ ಫೋಟೋ, ಯಾರೋ ಬೇಕೂಂತ ಮಾಡಿದಾರೆ ಅಂತ. ನಾನೇ ತಪ್ಪಿ ಬೇರೆದು ಕೊಟ್ಬಿಟ್ಟೆ ಸಾರ್ ಅಂದೆ."

ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಗುಂಪಲ್ಲಿ ಇರೋದು ನಾವಿಬ್ರೇ ಹೆಂಗಸ್ರು. ನಿನ್ನ ಕಳಿಸ್ಬಿಟ್ರೆ ನಾನ್ ಯಾರ್ ಸ್ಕೂಟರಲ್ಲಿ ಹೋಗ್ಲಿ?" ಎಂದರು. ನಾನು ನಗಲಿಲ್ಲ. ಅವರೂ ನಗಲಿಲ್ಲ. "ಕೋಪ ಬರ್ಲಿಲ್ಲ ಅಂತ ತಿಳ್ಕೋಬೇಡ. ಬಂತು. ಒಂದ್ ವಾರ ನಿಂಗೆ ಸಾಮಾನು ಕೊಡುವಾಗ ಮುಖ ನೋಡಿಲ್ಲ ನಾನು. ನೀನು ಗಮನಿಸಲೂ ಇಲ್ಲ, ಮಿಂಚುಳ್ಳಿ ಗುಂಗಲ್ಲಿದ್ದೆ."

ಆಮೇಲೆ ಇನ್ನೊಂದು ಪೊಟ್ಟಣ ತೆಗೆದುಕೊಂಡು, ನನ್ನತ್ತ ನೋಡದೆ ಹೇಳಿದರು. "ನಂಗೂ ನಿನ್ ಮೇಲೆ ಹೊಟ್ಟೆ ಉರಿ ಇದೆ ಕಣೇ. ಮೊದಲಿಂದ್ಲೂ ಇದೆ. ಸಂಜೆ ಬಂದು, ಬ್ಯಾಗಿಂದ ನಿನ್ ಬೀಗದಕೈ ತೆಗೆದು, ನಿನ್ ಬಾಗಿಲು ತೆಕ್ಕೊಂಡು ಒಳಗೆ ಹೋಗ್ತೀಯಲ್ಲ, ಅದನ್ನ ಇಲ್ಲಿಂದ ದಿನಾ ನೋಡ್ತೀನಿ. ಹದಿನೆಂಟಕ್ಕೆ ಮದುವೆ ಆಯ್ತು ನಂಗೆ. ಒಂದ್ ದಿನಾನೂ ಖಾಲಿ ಮನೆಗೆ ನಾನೇ ಬೀಗ ತೆಗೆದು ಹೋಗಿಲ್ಲ."

ಆ ಬಾಗಿಲು ತೆರೆಯುವುದೇ ದಿನದಲ್ಲಿ ನನಗೆ ಅತ್ಯಂತ ಭಾರದ ಕೆಲಸವಾಗಿತ್ತು. ಒಂದು ಸ್ಟೂಲು ಎಳೆದು ಕೂತು ನಾನೂ ಕೋಡುಬಳೆ ತುಂಬತೊಡಗಿದೆ. "ಒಡೀಬೇಡ, ಹಗೂರಕ್ಕೆ" ಎಂದರು. ಆ ವಿಷಯವನ್ನು ಮತ್ತೆ ನಾವು ಎತ್ತಲಿಲ್ಲ. ಮೇಷ್ಟ್ರಿಗೆ ಮಾತ್ರ ನಾನೇ ಹೋಗಿ ನಿಜ ಹೇಳಿದೆ. ಅವರು "ಹ್ಞೂಂ" ಎಂದರು.

ಮುಂದಿನ ವರ್ಷ ಅಂಗಡಿಯಿದ್ದ ಕಟ್ಟಡವನ್ನು ಮಾಲೀಕರು ಅಪಾರ್ಟ್‌ಮೆಂಟಿಗೆ ಕೊಟ್ಟರು. ಮೂವತ್ತು ವರ್ಷದ ವ್ಯಾಪಾರ ಹದಿನೈದು ದಿನದಲ್ಲಿ ಖಾಲಿಯಾಯಿತು. ಭಾನುವಾರದ ಗುಂಪು ಆ ವಾರ ಕೆರೆಗೆ ಹೋಗಲಿಲ್ಲ. ಮೆಕ್ಯಾನಿಕ್ ಒಂದು ಗೂಡ್ಸ್ ಆಟೋ ತಂದರು, ಡಾಕ್ಟರು ಅಂಗಿಯ ತೋಳು ಮಡಚಿ ಭರಣಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿದರು, ಎಲ್ಲ ಸೇರಿ ಉಲ್ಲಾಳದಲ್ಲಿ ಅಂಕಲ್ ಎಂದೋ ಕಟ್ಟಿಸಿದ್ದ ಎರಡು ಕೋಣೆಯ ಮನೆಗೆ ಸಾಗಿಸಿದೆವು. ಆಂಟಿ ಅಲ್ಲಿಂದ ಬಸ್ಸು ಹಿಡಿದು ಕೆರೆಗೆ ಬರುತ್ತಿದ್ದರು. ಬರುತ್ತಾ ಬರುತ್ತಾ ಕಾಲು ಊದತೊಡಗಿತು. ಮೂತ್ರಪಿಂಡ ಕೆಟ್ಟಿದೆ ಎಂದು ತಿಳಿಯುವ ಹೊತ್ತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಬೇಕಾದ ಹಂತ ಬಂದಿತ್ತು.

ನಾವು ದಿನ ಹಂಚಿಕೊಂಡೆವು. ಮಂಗಳವಾರ ಮೆಕ್ಯಾನಿಕ್, ಗುರುವಾರ ಡಾಕ್ಟರು, ಶನಿವಾರ ನಾನು. ಶನಿವಾರ ನಾಲ್ಕು ತಾಸು ಮಂಚದ ಪಕ್ಕ ಕೂತು ನನ್ನ ವಾರದ ಚಿತ್ರಗಳನ್ನು ತೋರಿಸಿ ಅವರ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ. ಭಾನುವಾರ, ಮೈ ಸ್ವಲ್ಪ ಹಗುರವಿದ್ದರೆ, ಆಟೋದಲ್ಲಿ ಕೆರೆಗೆ ಕರೆದುಕೊಂಡು ಹೋಗುತ್ತಿದ್ದೆ. ಸೂಜಿ ಚುಚ್ಚುವ ಕೈಯಲ್ಲಿ ಭಾರ ಎತ್ತಬಾರದೆಂದು ಹೇಳಿದ್ದರು. ಇನ್ನೊಂದು ಕೈ ನಡುಗುತ್ತಿತ್ತು. ಕ್ಯಾಮೆರಾ ಹಿಡಿಯುವುದು ನಿಂತುಹೋಯಿತು. ಬೆಂಚಿನ ಮೇಲೆ ಕೂತು ನೋಡುತ್ತಿದ್ದರು.

ಒಂದು ಚಳಿಯ ಬೆಳಗ್ಗೆ ನನ್ನ ತೋಳು ಮುಟ್ಟಿ, "ಬೇಲಿ ಕಡೆ ನೋಡು" ಎಂದರು. ನಡೆಯಲು ಬಂದವರು ಮೈ ಬೆಚ್ಚಗಾದ ಹಾಗೆ ಬಿಚ್ಚಿದ ಸ್ವೆಟರುಗಳನ್ನು ಕಬ್ಬಿಣದ ಬೇಲಿಯ ಮೇಲೆ ಸಾಲಾಗಿ ನೇತುಹಾಕಿದ್ದರು. ಅವುಗಳ ಮುಂದೆ ಒಬ್ಬ ತಾತ ತಮ್ಮದು ಯಾವುದೆಂದು ತಿಳಿಯದೆ ನಿಂತಿದ್ದರು. ನಾನು ಕ್ಯಾಮೆರಾ ಎತ್ತಿದೆ.

"ಈಗ್ಲೇ ಬೇಡ. ಅವ್ರು ಒಂದನ್ನ ಮುಟ್ಟಲಿ. ಹಾಂ, ಅದಲ್ಲ ಅಂತ ಗೊತ್ತಾಗ್ಲಿ. ಇರು. ಒತ್ತು."

ಒತ್ತಿದೆ. ಟೀ ಗಾಡಿಯ ಹತ್ತಿರ ಮೇಷ್ಟ್ರು ಕನ್ನಡಕ ಮೇಲೇರಿಸಿದರು. "ಇದು ಕೂತಿದೆ" ಎಂದರು. "ನಿನ್ನ ಎಲ್ಲಾ ಫೋಟೋದಲ್ಲೂ ಇದೇ ಚೆನ್ನಾಗಿರೋದು ಕಣಮ್ಮ."

ಎರಡು ಕ್ಷಣ ಸುಮ್ಮನಿದ್ದೆ. ಆ ಮಾತನ್ನು ನನ್ನದಾಗಿ ಕೇಳಿಸಿಕೊಳ್ಳಲು ಅಷ್ಟು ಹೊತ್ತು ತೆಗೆದುಕೊಂಡೆ. ಆಮೇಲೆ, "ನೋಡಿದ್ದು ಆಂಟಿ ಸಾರ್" ಎಂದೆ.

"ಒತ್ತಿದ್ದು ಯಾರು? ನಾನು ಬರೀ ಬಾಯಿ ಆಡಿಸ್ದೆ" ಎಂದು ಆಂಟಿ ಬೆಂಚಿನಿಂದಲೇ ಹೇಳಿದರು. ನನಗೆ ಎರಡು ಕ್ಷಣ ಬೇಕಾಗಿದ್ದುದನ್ನು ಅವರು ಅರ್ಧ ಕ್ಷಣದಲ್ಲಿ ಬಿಟ್ಟುಕೊಟ್ಟಿದ್ದರು. ಅದಕ್ಕೂ ಅವರ ಮೇಲೆ ಅಸೂಯೆಯಾಯಿತು.

ಎಂಟು ತಿಂಗಳು ಹೀಗೆ ನಡೆಯಿತು. ಅಡ್ಮಿಷನ್ ಕಾಲದ ಒಂದು ಬುಧವಾರ, ಕಚೇರಿಯಲ್ಲಿ ಅರ್ಜಿಗಳಿಗೆ ಮೊಹರು ಒತ್ತುತ್ತಿದ್ದಾಗ ಮೆಕ್ಯಾನಿಕ್ ಫೋನ್ ಮಾಡಿದರು. ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದ್ದರಂತೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಉಲ್ಲಾಳದ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಗುಂಪಿನವರೆಲ್ಲ ಒಂದು ಕಡೆ ಕುರ್ಚಿ ಹಾಕಿಕೊಂಡು ಕೂತೆವು. ಮಾತು ಆಂಟಿಯ ಕಡೆಗೇ ಹೋಯಿತು. ಹಲ್ಲಿನ ಡಾಕ್ಟರು, ತಮ್ಮ ತಾಯಿ ಹಾಸಿಗೆ ಹಿಡಿದಿದ್ದ ವರ್ಷ ಆಂಟಿ ಪ್ರತಿ ಬುಧವಾರ ಬಂದು ತಲೆ ಬಾಚಿ ಒಂದು ಫೋಟೊ ತೆಗೆಯುತ್ತಿದ್ದರು, ಆ ಚಿತ್ರಗಳು ತಮ್ಮ ಹತ್ತಿರ ಇವೆ ಎಂದರು. ಮೆಕ್ಯಾನಿಕ್, ಮಗಳ ಮದುವೆ ಮುರಿದಾಗ ತಾವು ಮೊದಲು ಹೋಗಿ ಹೇಳಿಕೊಂಡದ್ದು ಅವರ ಹತ್ತಿರವೇ ಎಂದರು. ಮೇಷ್ಟ್ರು, ಹೆಂಡತಿ ಹೋದಮೇಲೆ ತಮಗೆ ದಿನಾ ಬೆಳಗ್ಗೆ ಏಳಕ್ಕೆ ಫೋನ್ ಬರುತ್ತಿತ್ತು ಎಂದರು. "ಕಾಫಿ ಆಯ್ತಾ ಸಾರ್, ಅಷ್ಟೇ ಕೇಳೋರು. ಎರಡು ವರ್ಷ, ಒಂದಿನ ತಪ್ಪಿಸಿಲ್ಲ."

ಈ ಯಾವುದೂ ನನಗೆ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬರುತ್ತಿದ್ದುದು ನನ್ನೊಬ್ಬಳಿಗಾಗಿ ಎಂದುಕೊಂಡಿದ್ದೆ. ಅವರು ಎಲ್ಲರ ಮೆಟ್ಟಿಲನ್ನೂ ಹತ್ತಿದ್ದರು. ಸತ್ತವರ ತಿಥಿಯ ದಿನ, ಅವರ ಫೋಟೊಗೆ ಹಾಕಿದ ಹಾರ ಬಾಡುವ ಮುಂಚೆ, ಅಲ್ಲಿದ್ದ ಒಬ್ಬೊಬ್ಬರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕೂರಲಾಗದೆ ಎದ್ದು ಮನೆಯ ಹಿಂದಕ್ಕೆ ಹೋದೆ.

ಅಲ್ಲಿ ಅಂಕಲ್ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರೇ ಮಾತು ಶುರು ಮಾಡಿದರು.

"ನಿನ್ನ ದಿನಾ ಬೈತಿದ್ಲಮ್ಮ ಮನೇಲಿ."

ನಾನು ಅವರ ಕಡೆ ತಿರುಗಿದೆ.

"ಅವಳಿಗೆ ಕೊಬ್ಬು, ಒಳ್ಳೇ ಫೋಟೋ ನೋಡಿದ್ರೆ ಮುಖ ಹುಳಿ ಮಾಡ್ಕೋತಾಳೆ, ಐದ್ ನಿಮಿಷ ತಡ ಆದ್ರೆ ಬೀದಿಗೆಲ್ಲ ಕೇಳೋ ಹಾಗೆ ಹಾರನ್ ಹೊಡೀತಾಳೆ, ಹೊತ್ತಿಗೆ ಸರಿಯಾಗಿ ತಿನ್ನಲ್ಲ. ದಿನಾ ಏನಾದ್ರೂ ಒಂದು. ಊಟಕ್ಕೆ ಕೂತ್ರೆ ನಿಂದೇ ಮಾತು. ಹೋಗೋ ಹಿಂದಿನ ರಾತ್ರೀನೂ ಬೈದ್ಲು."

"ಅವರನ್ನೆಲ್ಲ?" ಎಂದು ಶಾಮಿಯಾನದ ಕಡೆ ಕೈ ತೋರಿಸಿದೆ.

ಅಂಕಲ್ ಸ್ವಲ್ಪ ಯೋಚಿಸಿದರು. "ಅವ್ರೆಲ್ಲ ಒಳ್ಳೇವ್ರು ಅಂತಿದ್ಲು. ಅಷ್ಟೇ."

ಊಟಕ್ಕೆ ಕರೆ ಬಂತು. ಅಂಕಲ್ ಅನ್ನು ಕೈಹಿಡಿದು ಎಬ್ಬಿಸಿ ಕರೆದುಕೊಂಡು ಬಂದು ಎಲೆಯ ಮುಂದೆ ಕೂರಿಸಿ, ನಾನೂ ಕೂತೆ. ಪಕ್ಕದ ಎಲೆಯಲ್ಲಿ ಮೇಷ್ಟ್ರು ಆ ಏಳು ಗಂಟೆಯ ಫೋನಿನ ವಿಷಯವನ್ನು ಇನ್ನೊಬ್ಬರಿಗೆ ಮೊದಲಿನಿಂದ ಹೇಳತೊಡಗಿದ್ದರು. ಹೇಳಲಿ ಎಂದು ನಾನು ಅನ್ನ ಕಲೆಸಿಕೊಂಡೆ.